ಉಸಿರಿನ ಪಾಲು: ಉತ್ತರ ಬೆಂಗಳೂರಿನ ಗಾಳಿಗೆ ಬೇಕಾದ ನಕ್ಷೆ



ವಾಯುಮಾಲಿನ್ಯದ ಬಗ್ಗೆ ಕನ್ನಡದಲ್ಲಿ ಬರುವ ವರದಿಗಳಲ್ಲಿ ‘ಒಡ್ಡಿಕೊಳ್ಳುವಿಕೆ’ ಎಂಬ ಮಾತು ಆಗಾಗ ಕಾಣಿಸುತ್ತದೆ. ಹೊಗೆ, ದೂಳು ತುಂಬಿದ ಗಾಳಿಯಲ್ಲಿ ಒಬ್ಬ ಮನುಷ್ಯ ಎಷ್ಟು ಹೊತ್ತು ಇದ್ದ, ಎಷ್ಟು ಉಸಿರೆಳೆದ ಎಂಬುದಕ್ಕೆ ಇಟ್ಟ ಹೆಸರು ಅದು. ಆ ಪದದ ಬಗ್ಗೆ ನನ್ನದೊಂದು ತಕರಾರಿದೆ. ಕ್ರಿಯಾಪದಕ್ಕೆ ‘ಕೊಳ್ಳು’ ಅಂಟಿದರೆ ಸಾಮಾನ್ಯವಾಗಿ ಆ ಕೆಲಸವನ್ನು ಮಾಡಿದವನು ತನಗಾಗಿ, ತಾನಾಗಿ ಮಾಡಿಕೊಂಡ ಎಂಬ ಧ್ವನಿ ಬರುತ್ತದೆ: ಹಚ್ಚಿಕೊಂಡ, ಕಟ್ಟಿಕೊಂಡ, ಮೈಮೇಲೆ ಎಳೆದುಕೊಂಡ. ಹೆಬ್ಬಾಳದ ಮೇಲ್ಸೇತುವೆಯ ಬುಡದಲ್ಲಿ ಪಾಳಿಯುದ್ದಕ್ಕೂ ನಿಂತು ವಾಹನಗಳನ್ನು ಸಾಗಹಾಕುವ ಸಂಚಾರ ಪೊಲೀಸ್ ಪೇದೆ ಹೊಗೆಯನ್ನು ಹಾಗೆ ಎಳೆದುಕೊಂಡವನಲ್ಲ. ಅದು ಅವನ ಪಾಲಿಗೆ ಬಂದದ್ದು. ಹೀಗಾಗಿ ಈ ಉಪನ್ಯಾಸದ ಮಟ್ಟಿಗೆ ನಾನು ‘ಉಸಿರಿನ ಪಾಲು’ ಎನ್ನುತ್ತೇನೆ. ಪಾಲು ಎಂದ ಕೂಡಲೇ ಯಾರಿಗೆ ಎಷ್ಟು, ಹಂಚಿದವರು ಯಾರು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ನಾನು ಹೇಳಬೇಕಾದದ್ದು ಇಷ್ಟೇ: ಬೆಂಗಳೂರಿನ ಗಾಳಿಗಾಗಿ ನಾವು ಖರ್ಚು ಮಾಡುವ ಹಣ ದೂಳಿನ ತೂಕವನ್ನೂ ನಗರದ ಸರಾಸರಿಯನ್ನೂ ಹಿಂಬಾಲಿಸುತ್ತಿದೆ, ಅದು ಉಸಿರಿನ ಪಾಲನ್ನು ಹಿಂಬಾಲಿಸಬೇಕು, ಅದಕ್ಕೆ ಬೀದಿ ಬೀದಿಯ ನಕ್ಷೆ ಬೇಕು. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರ ಎಂಬ ನಾಲ್ಕು ಊರುಗಳನ್ನೇ ಹಿಡಿದು ಇದನ್ನು ವಾದಿಸುತ್ತೇನೆ.

ಮೊದಲು ಈಗ ಅಳೆಯುವ ಬಗೆಯನ್ನು ನೋಡೋಣ. ರಾಷ್ಟ್ರೀಯ ವಾಯು ಗುಣಮಟ್ಟ ಮಾಪನ ಕಾರ್ಯಕ್ರಮದ ಅಡಿಯಲ್ಲಿ ಕೈಯಿಂದ ನಡೆಸುವ ಕೇಂದ್ರಗಳಿವೆ. ಯಶವಂತಪುರದ ಪೊಲೀಸ್ ಠಾಣೆ, ಯಲಹಂಕದ ಕೆಎಚ್‌ಬಿ ಕೈಗಾರಿಕಾ ಪ್ರದೇಶ ಇವು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಆ ಪಟ್ಟಿಯಲ್ಲಿ ಬಹುಕಾಲದಿಂದ ಇರುವ ಹೆಸರುಗಳು. ಅಲ್ಲಿನ ಯಂತ್ರದ ಒಳಗೆ ಒಂದು ಬಿಳಿಯ ಸೋಸು ಕಾಗದ ಇರುತ್ತದೆ. ಅದನ್ನು ಮೊದಲು ತೂಗಿ, ಯಂತ್ರಕ್ಕೆ ಹಾಕಿ, ಗೊತ್ತಾದ ಪ್ರಮಾಣದ ಗಾಳಿಯನ್ನು ಅದರ ಮೂಲಕ ಎಳೆಸುತ್ತಾರೆ. 8 ಗಂಟೆಗೊಮ್ಮೆ ಕಾಗದ ಬದಲಿಸುತ್ತಾರೆ. ಹೊರಗೆ ಬಂದಾಗ ಅದು ಬೂದಿ ಬಣ್ಣಕ್ಕೆ ತಿರುಗಿರುತ್ತದೆ, ಕೆಲವು ದಿನ ಒಲೆಯ ಮೇಲಿನ ಗೋಡೆಯಷ್ಟು ಕಪ್ಪಗೆ. ಮತ್ತೆ ತೂಗಿದರೆ ಹೆಚ್ಚಾದ ತೂಕವೇ ದೂಳು. ವಾರಕ್ಕೆ ಎರಡು ದಿನದಂತೆ ವರ್ಷಕ್ಕೆ 104 ದಿನ ಈ ಕೆಲಸ ನಡೆಯಬೇಕು ಎಂಬುದು ನಿಯಮ. ಉಳಿದ 261 ದಿನ ಕಾಗದ ಬೀರುವಿನಲ್ಲಿರುತ್ತದೆ, ಠಾಣೆಯ ಎದುರಿನ ಜನ ಮಾತ್ರ ಎಂದಿನಂತೆ ಉಸಿರಾಡುತ್ತಾರೆ. ಇದರ ಜೊತೆಗೆ ಗಂಟೆ ಗಂಟೆಯ ಅಂಕಿ ಕೊಡುವ ನಿರಂತರ ಮಾಪನ ಕೇಂದ್ರಗಳಿವೆ. ಹೆಬ್ಬಾಳ, ಪೀಣ್ಯ, ಸಿಟಿ ರೈಲು ನಿಲ್ದಾಣ, ಸಿಲ್ಕ್ ಬೋರ್ಡ್ ಎಂದು ಅಂಥವು ಹಲವು ವರ್ಷ ಇಡೀ ಬೆಂಗಳೂರಿಗೆ ಹತ್ತರ ಆಸುಪಾಸು ಇದ್ದವು. ನಗರದ ವಿಸ್ತಾರ 700 ಚದರ ಕಿಲೋಮೀಟರ್ ದಾಟಿದ ಮೇಲೆ ಒಂದೊಂದು ಕೇಂದ್ರದ ಹೆಗಲಿಗೆ ಬಿದ್ದದ್ದು ಸುಮಾರು 70 ಚದರ ಕಿಲೋಮೀಟರ್.

ಇದರಲ್ಲಿ ಮಂಡಳಿಯ ತಪ್ಪು ಹುಡುಕುವುದು ನನ್ನ ಉದ್ದೇಶವಲ್ಲ. ಈ ಕೇಂದ್ರಗಳನ್ನು ಕಟ್ಟಿದ್ದೇ ಬೇರೆ ಪ್ರಶ್ನೆಗೆ. ಸುತ್ತಲಿನ ಪ್ರದೇಶವನ್ನು ಒಟ್ಟಾಗಿ ಪ್ರತಿನಿಧಿಸುವ ಗಾಳಿ ಸಿಗಬೇಕೆಂದು ಅವನ್ನು ರಸ್ತೆಯಂಚಿನಿಂದ, ಚಿಮಣಿಯಿಂದ, ಮರದ ಮರೆಯಿಂದ ದೂರ ಇಡುತ್ತಾರೆ. ಗಾಳಿ ಒಳಗೆಳೆಯುವ ಬಾಯಿ ನೆಲದಿಂದ 3 ಮೀಟರಿಗೂ ಮೇಲೆ ಇರುತ್ತದೆ. ವರ್ಷದ ಸರಾಸರಿ ಕಾನೂನಿನ ಮಿತಿಯೊಳಗಿದೆಯೇ ಎಂದು ಕೇಳಿದರೆ ಅವು ಸರಿಯಾಗಿಯೇ ಉತ್ತರಿಸುತ್ತವೆ. 2009ರ ಮಾನದಂಡದಂತೆ ಪಿಎಂ 2.5 ಎಂಬ ಅತಿ ಸೂಕ್ಷ್ಮ ಕಣಗಳ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ, ಪಿಎಂ 10ಕ್ಕೆ 60. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ಪಿಎಂ 2.5 ಸುಮಾರು 30ರ ಆಸುಪಾಸು ಇರುವುದರಿಂದ ಕಾಗದದ ಮೇಲೆ ನಾವು ಪಾಸು. ಆದರೆ ತಾಯಿಯ ಕೈ ಹಿಡಿದು ಆರ್.ಟಿ. ನಗರದ ಪಕ್ಕದ ಸುಲ್ತಾನ್‌ಪಾಳ್ಯದ ರಸ್ತೆ ದಾಟುವ ಅಂಗನವಾಡಿ ಮಗುವಿನ ಮೂಗು ಇರುವುದು ನೆಲದಿಂದ ಮೂರಡಿ ಎತ್ತರದಲ್ಲಿ, ಆಟೊದ ಹೊಗೆಕೊಳವೆಗೆ ತೀರಾ ಸಮೀಪ. ಆ ಮಗುವಿಗೆ ಎಷ್ಟು ಹೊಗೆ ಹೋಯಿತು ಎಂದು ಕೇಳಿದರೆ ಮೂರು ಮೀಟರ್ ಎತ್ತರದ ಯಂತ್ರ ಸುಮ್ಮನಾಗುತ್ತದೆ. ಅದನ್ನು ಯಾರೂ ಆ ಪ್ರಶ್ನೆಗೆ ತಯಾರು ಮಾಡಿಲ್ಲ.

ಉತ್ತರ ಹೇಗೆ ಸಿಗುತ್ತದೆ ಎಂಬುದು ಈಗ ಗೊತ್ತಿದೆ. ಅಮೆರಿಕದ ಓಕ್ಲೆಂಡ್ ನಗರದಲ್ಲಿ ಮಾಪಕಗಳನ್ನು ಹೊತ್ತ ಕಾರುಗಳನ್ನು ಒಂದೇ ಬೀದಿಯಲ್ಲಿ ಮತ್ತೆ ಮತ್ತೆ ಓಡಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ, ಕೆಲವೇ ಬೀದಿಗಳ ಅಂತರದಲ್ಲಿ ಕೆಲವು ಮಾಲಿನ್ಯಕಾರಕಗಳು ಐದರಿಂದ ಎಂಟು ಪಟ್ಟು ವ್ಯತ್ಯಾಸವಾಗುತ್ತವೆ ಎಂದು ತೋರಿಸಿತು. ಈ ಕ್ರಮ ನಮಗೂ ಹೊಸದಲ್ಲ. ಯಶವಂತಪುರದ ಪಕ್ಕದ ಮಲ್ಲೇಶ್ವರದಲ್ಲಿ ಐಎಲ್‌ಕೆ ಲ್ಯಾಬ್ಸ್ ಮತ್ತು ನಾಗಶೆಟ್ಟಿಹಳ್ಳಿಯಲ್ಲಿರುವ ಸಿಸ್ಟೆಪ್ ಸಂಸ್ಥೆಯ ಸಂಶೋಧಕರು ಕಾರಿನಲ್ಲಿ ಉಪಕರಣ ಇಟ್ಟುಕೊಂಡು ಬೀದಿಗಳನ್ನು ಅಳೆದಿದ್ದಾರೆ. ಒಂದು ದಿನದ ಅಳತೆಗೆ ಬೆಲೆಯಿಲ್ಲ. ಮುಂದೆ ಹೋಗುವ ಒಂದು ಹಳೆ ಲಾರಿ ಅದನ್ನು ಕೆಡಿಸಬಹುದು. ಅದೇ ತಿರುವಿಗೆ ಹತ್ತಾರು ಸಲ ಹೋದಾಗ ಲಾರಿಯ ಆಕಸ್ಮಿಕ ಅಳಿಸಿಹೋಗಿ ಆ ತಿರುವಿನ ಸ್ವಭಾವ ಉಳಿಯುತ್ತದೆ. ನಕ್ಷೆ ಎನ್ನುವುದು ಹೀಗೆ ಉಳಿದ ಸ್ವಭಾವಗಳ ಚಿತ್ರ. ಇದರ ಮೇಲೆ ಜನಸಂಖ್ಯೆಯನ್ನೂ ಅವರು ಅಲ್ಲಿ ಕಳೆಯುವ ಹೊತ್ತನ್ನೂ ಹಾಸಿದಾಗ ಅದು ಗಾಳಿಯ ನಕ್ಷೆಯಾಗಿದ್ದದ್ದು ಉಸಿರಿನ ಪಾಲಿನ ನಕ್ಷೆಯಾಗುತ್ತದೆ. ಎರಡೂ ಒಂದೇ ಅಲ್ಲ. ಯಾರೂ ಇಲ್ಲದ ಕಡೆ ಕಡುಗಪ್ಪು ಹೊಗೆ ಇದ್ದರೆ ಮೊದಲ ನಕ್ಷೆಯಲ್ಲಿ ಅದು ಕೆಂಪು, ಎರಡನೆಯದರಲ್ಲಿ ಖಾಲಿ.

ಹೆಬ್ಬಾಳವನ್ನು ನೋಡಿ. ಕೆರೆಯನ್ನು ಕಟ್ಟಿಸಿದ್ದು 1537ರಲ್ಲಿ ಎನ್ನುತ್ತಾರೆ. ಮೇಲ್ಸೇತುವೆ ಬಂದದ್ದು ಈ ಶತಮಾನದ ಆರಂಭದಲ್ಲಿ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಹಣೆಬರಹವೇ ಬದಲಾಯಿತು. ಹೊರವರ್ತುಲ ರಸ್ತೆಯೂ ಬಳ್ಳಾರಿ ರಸ್ತೆಯೂ ಇಲ್ಲಿ ಕೂಡುತ್ತವೆ. ವಿಮಾನ ಹಿಡಿಯುವವರು ಕಾರಿನ ಗಾಜು ಏರಿಸಿ ಮೇಲಿನಿಂದ ಹೋಗುತ್ತಾರೆ. ಕೆಳಗೆ, ಕಂಬಗಳ ನಡುವೆ ಮತ್ತು ಸರ್ವಿಸ್ ರಸ್ತೆಯಂಚಿನಲ್ಲಿ, ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಬಸ್ಸು ಕಾಯುವ ಜನ ನಿಂತಿರುತ್ತಾರೆ. ಬಸ್ಸು ನಿಂತು ಮತ್ತೆ ಹೊರಡುವ ಗಳಿಗೆಯಲ್ಲೇ ಡೀಸೆಲ್ ಎಂಜಿನ್ ಹೆಚ್ಚು ಕರಿ ಉಗುಳುವುದು, ಜನ ಬಾಗಿಲಿಗೆ ನುಗ್ಗುವುದೂ ಆಗಲೇ. ಸೀಬೆಹಣ್ಣು ಕತ್ತರಿಸಿ ಉಪ್ಪು-ಕಾರ ಸವರಿ ಕೊಡುವ ಗಾಡಿಯವನು ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ಅಲ್ಲೇ. ಬಸ್ಸು ಕಾಯುವವನು ಹದಿನೈದು ನಿಮಿಷ ಇರುವ ಗಾಳಿಯಲ್ಲಿ ಇವನು ಹನ್ನೆರಡು ಗಂಟೆ. ಚಳಿಗಾಲದ ಬೆಳಿಗ್ಗೆ ನೆಲದ ಮೇಲಿನ ತಂಪು ಗಾಳಿ ಮೇಲೇಳದೆ ಮಂಡಿಯೂರಿ ಕುಳಿತಿರುತ್ತದೆ; ಎಂಟು ಗಂಟೆಯ ಶಾಲಾ ವ್ಯಾನುಗಳ ಸಾಲು ಹೊರಡುವುದೂ ಆ ಹೊತ್ತಿಗೇ. ಸಂಜೆ ಕೆರೆಯ ಕಡೆಯಿಂದ ಗಾಳಿ ಬೀಸಿದ ದಿನ ಹೆಬ್ಬಾಳದ ಸರಾಸರಿ ಸುಧಾರಿಸುತ್ತದೆ. ದಿನವಹಿ ಅಂಕಿಯಲ್ಲಿ ಬೆಳಗಿನ ಆ ಎರಡು ಗಂಟೆ ಕರಗಿಹೋಗುತ್ತದೆ, ಮಕ್ಕಳ ಎದೆಯೊಳಗೆ ಕರಗುವುದಿಲ್ಲ.

ಯಶವಂತಪುರದ್ದು ಬೇರೆಯೇ ಕಥೆ. ಇಲ್ಲಿ ಹೊಗೆಯ ಒಡೆಯ ಲಾರಿ. ತುಮಕೂರು ರಸ್ತೆ, ಗೊರಗುಂಟೆಪಾಳ್ಯದ ಜಂಕ್ಷನ್, ಆಚೆ ಪೀಣ್ಯ ಕೈಗಾರಿಕಾ ಪ್ರದೇಶ, ಈಚೆ ರೈಲು ನಿಲ್ದಾಣ, ನಡುವೆ ಎಪಿಎಂಸಿ ಯಾರ್ಡ್. ಯಾರ್ಡಿನ ಸಗಟು ವ್ಯಾಪಾರದ ಒಂದು ಭಾಗ ದಾಸನಪುರಕ್ಕೆ ಹೋಗಿದೆ, ಆದರೂ ಮೂಟೆ ಹೊರುವ ಹಮಾಲರು, ಲಾರಿಯ ಹಿಂಬದಿ, ಓಡುತ್ತಲೇ ಇರುವ ಎಂಜಿನ್ ಈ ಮೂರೂ ಕೂಡುವ ಜಾಗ ಇವತ್ತಿಗೂ ಇದೆ. ಇಲ್ಲಿ ಮರೆತುಹೋಗುವ ಒಂದು ಅಂಶ ಉಸಿರಿನ ಪ್ರಮಾಣ. ಕುರ್ಚಿಯಲ್ಲಿ ಕುಳಿತವನಿಗಿಂತ ಐವತ್ತು ಕಿಲೋ ಮೂಟೆ ಬೆನ್ನ ಮೇಲೆ ಹೊತ್ತವನು ನಿಮಿಷಕ್ಕೆ ಹಲವು ಪಟ್ಟು ಗಾಳಿ ಎಳೆಯುತ್ತಾನೆ, ಅದೂ ಬಾಯಿಯಿಂದ. ಗದ್ದಿಗೆಯ ಮೇಲೆ ಕೂತ ದಲ್ಲಾಳಿಗೂ ಮೂಟೆ ಹೊತ್ತ ಹಮಾಲನಿಗೂ ಗಾಳಿ ಒಂದೇ, ಉಸಿರಿನ ಪಾಲು ಒಂದಲ್ಲ. ಸಿಗ್ನಲ್‌ನಲ್ಲಿ ನಿಂತ ಆಟೊ ಚಾಲಕನದ್ದೂ ಹೀಗೆಯೇ. ದೆಹಲಿಯಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಳತೆಯೊಂದರ ಪ್ರಕಾರ, ಆಟೊದ ಒಳಗಿನ ಪಿಎಂ 2.5 ನಗರದ ಹಿನ್ನೆಲೆ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚಿದ್ದರೆ, ಡೀಸೆಲ್ ಮಸಿಯ ಗುರುತಾದ ಕಪ್ಪು ಇಂಗಾಲ ಮೂರೂವರೆ ಪಟ್ಟಿಗೂ ಮೇಲಿತ್ತು, ಅತಿ ನವಿರಾದ ಕಣಗಳ ಎಣಿಕೆ ಎಂಟು ಪಟ್ಟಿಗೂ ಮೇಲಿತ್ತು. ಈ ಮೂರು ಸಂಖ್ಯೆಗಳ ನಡುವಿನ ಅಂತರವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಆರ್.ಟಿ. ನಗರದಲ್ಲಿ ಹೆದ್ದಾರಿಯಿಲ್ಲ, ದೊಡ್ಡ ಕಾರ್ಖಾನೆಯಿಲ್ಲ. ಮೇಖ್ರಿ ವೃತ್ತದ ದಟ್ಟಣೆ ತಪ್ಪಿಸಲು ಒಳರಸ್ತೆ ಹಿಡಿಯುವ ವಾಹನಗಳು, ಮೂರು ನಾಲ್ಕು ಅಂತಸ್ತಿನ ಮನೆಗಳ ನಡುವೆ ಬಾವಿಯಂತಾದ ಓಣಿಗಳು, ಮೂಲೆಯಲ್ಲಿ ಗುಡಿಸಿ ಬೆಂಕಿಯಿಟ್ಟ ಎಲೆ-ಪ್ಲಾಸ್ಟಿಕ್ ರಾಶಿ, ಅಷ್ಟೇ. ಬಯಲಿನಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡ ಎಂದು ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಯಲಹಂಕ ಇವೆಲ್ಲಕ್ಕಿಂತ ಅಗಲವಾದ ಊರು: ರೈಲು ಗಾಲಿ ಕಾರ್ಖಾನೆ, 370 ಮೆಗಾವ್ಯಾಟ್‌ನ ಅನಿಲ ವಿದ್ಯುತ್ ಸ್ಥಾವರ, ದೊಡ್ಡಬಳ್ಳಾಪುರ ರಸ್ತೆಯ ಜಲ್ಲಿ ಲಾರಿಗಳು, ಎಲ್ಲ ಕಡೆ ಏಳುತ್ತಿರುವ ಅಪಾರ್ಟ್‌ಮೆಂಟುಗಳು, ಇವುಗಳ ಮಧ್ಯೆಯೇ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಹಸಿರು. ಯಲಹಂಕದ ಅಂಚಿನ ಮಾವಳ್ಳಿಪುರ, ನಗರದ ಕಸ ಸುರಿಯಿಸಿಕೊಂಡು ಸಾಕಾಗಿ 2012ರಲ್ಲಿ ಲಾರಿಗಳನ್ನು ತಡೆದ ಊರು. ಅಲ್ಲಿಯ ಜನರ ಉಸಿರಿನ ಪಾಲನ್ನು ಹಂಚಿದವರು ಯಾರು ಎಂಬುದಕ್ಕೆ ನಕ್ಷೆಯೇ ಬೇಕಿರಲಿಲ್ಲ ಎನ್ನಬಹುದು. ಆದರೂ ನಗರದ ಯಾವ ಸರಾಸರಿಯಲ್ಲೂ ಆ ಹಳ್ಳಿ ಸೇರಿರಲಿಲ್ಲ.

ಈಗ ಹಣದ ಮಾತು. 2019ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ನಗರಗಳ ಸಾಧನೆಯನ್ನು ಅಳೆಯುವುದು ಮುಖ್ಯವಾಗಿ ಪಿಎಂ 10ರಿಂದ, ಅಂದರೆ ಒರಟು ದೂಳಿನ ತೂಕದಿಂದ. ಅಳತೆಗೋಲು ಹೇಗೋ ಖರ್ಚೂ ಹಾಗೆ. ದೇಶದಾದ್ಯಂತ ಈ ಲೆಕ್ಕದಲ್ಲಿ ಖರ್ಚಾದ ಹಣದ 64% ರಸ್ತೆ ದೂಳಿಗೆ ಹೋಗಿದೆ ಎಂದು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ಲೆಕ್ಕ ಕೊಟ್ಟಿತು: ಗುಂಡಿ ಮುಚ್ಚುವುದು, ಡಾಂಬರು ಹಾಕುವುದು, ಗುಡಿಸುವ ಯಂತ್ರ, ನೀರು ಚಿಮುಕಿಸುವ ಟ್ಯಾಂಕರ್. ವಾಹನಗಳ ಹೊಗೆಗೆ ಸಿಕ್ಕಿದ್ದು ಸುಮಾರು 13%, ಕೈಗಾರಿಕೆಗೆ 1%ಗೂ ಕಡಿಮೆ. ಗುಂಡಿ ಮುಚ್ಚಿದ್ದು ಬೇಡವಾಗಿತ್ತು ಎಂದು ಬೆಂಗಳೂರಿನಲ್ಲಿ ನಿಂತು ಹೇಳುವ ಧೈರ್ಯ ನನಗಿಲ್ಲ. ಆದರೆ ಸಿಸ್ಟೆಪ್‌ನ 2022ರ ಅಧ್ಯಯನವನ್ನು ಪಕ್ಕದಲ್ಲಿಟ್ಟು ನೋಡಿ. ಬೆಂಗಳೂರಿನ ಪಿಎಂ 10ರಲ್ಲಿ ಮಣ್ಣು ಮತ್ತು ರಸ್ತೆ ದೂಳು ಸುಮಾರು ಅರ್ಧ, ಪಿಎಂ 2.5ಕ್ಕೆ ಬಂದರೆ ವಾಹನಗಳ ಹೊಗೆಯೇ ಮೊದಲ ಸ್ಥಾನ, ಸುಮಾರು 40%. ಒರಟು ದೂಳಿನ ಬಹುಪಾಲನ್ನು ಮೂಗು, ಗಂಟಲು ತಡೆಯುತ್ತವೆ. ಸೂಕ್ಷ್ಮ ಕಣ ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೆ ಇಳಿದು, ಅತಿ ನವಿರಾದದ್ದು ರಕ್ತಕ್ಕೂ ಸೇರುತ್ತದೆ. ತೂಕದ ಲೆಕ್ಕದಲ್ಲಿ ದೂಳು ಗೆಲ್ಲುತ್ತದೆ, ದೇಹದ ಲೆಕ್ಕದಲ್ಲಿ ಹೊಗೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ದೂರದ ಎತ್ತರದ ಚಿಮಣಿಯಿಂದ ಹೊರಬಿದ್ದ ಒಂದು ಕಿಲೋ ಮಸಿಯೂ, ಆರ್.ಟಿ. ನಗರದ ಓಣಿಯಲ್ಲಿ ಕಸ ಸುಟ್ಟು ಎದ್ದ ಒಂದು ಕಿಲೋ ಮಸಿಯೂ ಮೂಲಗಳ ಪಟ್ಟಿಯಲ್ಲಿ ಸಮ. ಮೊದಲನೆಯದು ಜನರ ಮೂಗಿಗೆ ಬರುವ ಹೊತ್ತಿಗೆ ಚದುರಿ ತೆಳುವಾಗಿರುತ್ತದೆ, ಎರಡನೆಯದು ನೇರ ಎದುರು ಮನೆಯ ಕಿಟಕಿಗೆ. ಹೊರಬಿದ್ದದ್ದರಲ್ಲಿ ಮನುಷ್ಯರ ಎದೆ ಸೇರಿದ್ದೆಷ್ಟು ಎಂಬ ಅನುಪಾತವನ್ನು ಲೆಕ್ಕ ಹಾಕುವ ವಿಧಾನಗಳು ವಿಜ್ಞಾನಿಗಳ ಬಳಿ ಮೊದಲಿನಿಂದಲೂ ಇವೆ. ಆ ಅನುಪಾತದಿಂದ ಗುಣಿಸಿದರೆ ಮೂಲಗಳ ಪಟ್ಟಿ ಮೇಲೆ ಕೆಳಗಾಗುತ್ತದೆ: ಜನದಟ್ಟಣೆಯ ಬೀದಿಯ ಹಳೆ ಡೀಸೆಲ್ ವಾಹನ, ಅಪಾರ್ಟ್‌ಮೆಂಟಿನ ಜನರೇಟರ್, ಬೀದಿ ಮೂಲೆಯ ಬೆಂಕಿ ಇವು ತೂಕ ಮೀರಿ ಮೇಲೇರುತ್ತವೆ. ಈ ಗುಣಾಕಾರ ಮಾಡಲು ಯಾವ ಹೊಗೆ ಎಲ್ಲಿ, ಯಾವ ಜನ ಎಲ್ಲಿ ಎಂಬೆರಡೂ ಬೀದಿಯ ಮಟ್ಟದಲ್ಲಿ ಗೊತ್ತಿರಬೇಕು. ನಕ್ಷೆ ಬೇಕು ಎನ್ನುವ ನನ್ನ ವಾದದ ತಿರುಳು ಇದು.

ಆಕ್ಷೇಪಗಳಿವೆ, ಗಟ್ಟಿಯಾದವೂ ಇವೆ. ಬೆಂಗಳೂರು ದೆಹಲಿಯಲ್ಲವಲ್ಲ, ಇಷ್ಟೆಲ್ಲ ಆತಂಕ ಯಾಕೆ ಎಂಬುದು ಅವುಗಳಲ್ಲಿ ಹಗುರವಾದದ್ದು, ಆದರೆ ಹೆಚ್ಚು ಕೇಳಿಬರುವುದು ಇದೇ. ನಮ್ಮ ವಾಯು ಗುಣಮಟ್ಟ ಸೂಚ್ಯಂಕವೂ ಇದಕ್ಕೆ ಒತ್ತಾಸೆ ಕೊಡುತ್ತದೆ: ದಿನದ ಪಿಎಂ 2.5 ಘನ ಮೀಟರಿಗೆ 60 ಮೈಕ್ರೋಗ್ರಾಂ ತಲುಪುವವರೆಗೂ ಫಲಕದ ಮೇಲೆ ‘ಸಮಾಧಾನಕರ’ ಎಂದೇ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಮಿತಿ 15, ವರ್ಷದ್ದು 5. ಬೆಂಗಳೂರೂ ಸೇರಿದಂತೆ ಭಾರತದ 10 ನಗರಗಳ 2008ರಿಂದ 2019ರವರೆಗಿನ ಸಾವುಗಳನ್ನು ಪರಿಶೀಲಿಸಿ 2024ರಲ್ಲಿ ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಧ್ಯಯನ, ಆ ನಗರಗಳಲ್ಲಿ ವರ್ಷಕ್ಕೆ ಸುಮಾರು 33,000 ಸಾವುಗಳು, ಅಂದರೆ ಒಟ್ಟು ಸಾವಿನ 7.2%, ಸೂಕ್ಷ್ಮ ಕಣಗಳಿಗೆ ಸಂಬಂಧಿಸಿದವು ಎಂದು ಅಂದಾಜಿಸಿತು. ಇದಕ್ಕಿಂತ ಮುಖ್ಯವಾದದ್ದು ಅದರ ಇನ್ನೊಂದು ಮಾತು: ಬೆಂಗಳೂರಿನಂಥ ಕಡಿಮೆ ಮಾಲಿನ್ಯದ ನಗರಗಳಲ್ಲೇ ಪ್ರತಿ 10 ಮೈಕ್ರೋಗ್ರಾಂ ಏರಿಕೆಗೆ ಸಾವಿನ ಏರಿಕೆ ಹೆಚ್ಚು ಕಡಿದಾಗಿತ್ತು. ಏಣಿಯ ಕೆಳಗಿನ ಮೆಟ್ಟಿಲುಗಳೇ ಎತ್ತರ. ಅದೇ ಕಾರಣಕ್ಕೆ ಇಲ್ಲಿ ಸ್ವಲ್ಪ ಇಳಿಸಿದರೂ ಲಾಭ ಹೆಚ್ಚು.

ಎರಡನೆಯ ಆಕ್ಷೇಪ ಉಪಕರಣಗಳದ್ದು. ಅಗ್ಗದ ಸಂವೇದಕಗಳು ಬೆಳಕು ಚದುರುವುದನ್ನು ನೋಡಿ ಕಣ ಎಣಿಸುತ್ತವೆ. ತೇವ ಹೆಚ್ಚಿದ ದಿನ ಕಣಗಳು ನೀರು ಹೀರಿ ಊದಿಕೊಂಡು ಯಂತ್ರಕ್ಕೆ ಸುಳ್ಳು ಹೇಳುತ್ತವೆ. ಜಡಿಮಳೆಯ ಜುಲೈನಲ್ಲಿ ಯಲಹಂಕದ ಮನೆಯ ಮಾಡಿನ ಮೇಲಿನ ಸಂವೇದಕ ತೋರಿಸುವ ಅಂಕಿಯನ್ನು ಹಿಡಿದು ಕಾರ್ಖಾನೆಗೆ ನೋಟಿಸ್ ಕೊಡಲಾಗದು, ಕೊಡಲೂ ಬಾರದು. ಒಪ್ಪುತ್ತೇನೆ. ಪರಿಹಾರ ಸುಲಭ, ತಾಳ್ಮೆ ಮಾತ್ರ ಬೇಕು. ಹೆಬ್ಬಾಳದ ನಿರಂತರ ಕೇಂದ್ರದ ಪಕ್ಕದಲ್ಲೇ ಆ ಸಂವೇದಕಗಳನ್ನು ಎಲ್ಲ ಋತುಗಳಲ್ಲೂ ಕೆಲವು ವಾರ ಇಟ್ಟು, ಎರಡರ ವ್ಯತ್ಯಾಸ ಕಂಡು, ತಿದ್ದುಪಡಿ ಮಾಡಬೇಕು. ಅಂಗಡಿಯ ತಕ್ಕಡಿಯನ್ನು ಮುದ್ರೆಯ ಬೊಟ್ಟಿನಿಂದ ಪರೀಕ್ಷಿಸುವ ಹಾಗೆ. ಮೇಲಾಗಿ ಕೋರ್ಟಿನಲ್ಲಿ ನಿಲ್ಲುವ ಸಾಕ್ಷ್ಯದ ಅಗತ್ಯವೇ ಬೇರೆ, ಹೊಸ ಬಸ್ ತಂಗುದಾಣ ಎಲ್ಲಿಡಬೇಕು ಎಂದು ತೀರ್ಮಾನಿಸಲು ಬೇಕಾದ ನಿಖರತೆಯೇ ಬೇರೆ. ಎರಡನೆಯದಕ್ಕೆ ಈ ಬೀದಿ ಆ ಬೀದಿಗಿಂತ ಎರಡು ಪಟ್ಟು ಕೆಟ್ಟದ್ದೇ ಎಂದು ತಿಳಿದರೆ ಸಾಕು.

ಮೂರನೆಯದೇ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ್ದು. ಪಿಎಂ 2.5ರ ದೊಡ್ಡ ಭಾಗ ಊರಿನಾಚೆಯಿಂದ ಬರುತ್ತದೆ, ಗಾಳಿಯಲ್ಲೇ ಅನಿಲಗಳಿಂದ ಹುಟ್ಟುತ್ತದೆ. ಅದು ಜಕ್ಕೂರಿನಲ್ಲೂ ಮತ್ತೀಕೆರೆಯಲ್ಲೂ ಹೆಚ್ಚುಕಡಿಮೆ ಒಂದೇ. ಹಾಗಿದ್ದ ಮೇಲೆ ಬೀದಿ ಬೀದಿಯ ನಕ್ಷೆ ಬಿಡಿಸಿ ಏನು ಕಂಡಂತಾಯಿತು? ಪಿಎಂ 2.5 ಒಂದನ್ನೇ ಬಿಡಿಸಿದರೆ ನಿಜಕ್ಕೂ ಕಾಣುವುದು ಕಡಿಮೆ. ಆಟೊದ ಆ ಮೂರು ಸಂಖ್ಯೆಗಳನ್ನು ನೆನಪಿಡಿ ಎಂದದ್ದು ಇದಕ್ಕೇ. ಪಿಎಂ 2.5 ಒಂದೂವರೆ ಪಟ್ಟು ಏರಿದ ಕಡೆ ಕಪ್ಪು ಇಂಗಾಲ ಮೂರೂವರೆ ಪಟ್ಟು ಏರುತ್ತದೆ. ರಸ್ತೆಯ ಹೊಗೆ ತೂಕದಲ್ಲಿ ಅಡಗಿ ಎಣಿಕೆಯಲ್ಲಿ ಬಯಲಾಗುತ್ತದೆ. ಹೀಗಾಗಿ ನಕ್ಷೆಯಲ್ಲಿ ಪಿಎಂ 2.5ರ ಜೊತೆಗೆ ಕಪ್ಪು ಇಂಗಾಲವೂ ನೈಟ್ರೋಜನ್ ಡೈಆಕ್ಸೈಡೂ ಇರಬೇಕು. ದೊಡ್ಡ ರಸ್ತೆಯ ಹೊಗೆಯ ಪ್ರಭಾವ 300ರಿಂದ 500 ಮೀಟರ್‌ವರೆಗೆ ಇರುತ್ತದೆ ಎಂದು ಅಮೆರಿಕದ ಹೆಲ್ತ್ ಎಫೆಕ್ಟ್ಸ್ ಇನ್‌ಸ್ಟಿಟ್ಯೂಟ್ 2010ರಲ್ಲಿ ಹೇಳಿದ್ದು ಇಂಥ ಅಳತೆಗಳ ಆಧಾರದಿಂದಲೇ. ಬಳ್ಳಾರಿ ರಸ್ತೆಯ ಇಕ್ಕೆಲದಲ್ಲಿ 300 ಮೀಟರ್ ಗೆರೆ ಎಳೆದು ನೋಡಿ, ಎಷ್ಟು ಶಾಲೆಗಳು, ನರ್ಸಿಂಗ್ ಹೋಮುಗಳು ಒಳಗೆ ಬೀಳುತ್ತವೆ ಎಂದು. ಊರಿನಾಚೆಯಿಂದ ಬರುವ ಪಾಲಿಗೆ ನಕ್ಷೆ ಮದ್ದಲ್ಲ, ನಿಜ. ಅದಕ್ಕೆ ನೆರೆಯ ಜಿಲ್ಲೆಗಳೂ ರಾಜ್ಯಗಳೂ ಕೂಡಿ ಕೆಲಸ ಮಾಡಬೇಕು. ಒಳಗಿನ ಪಾಲನ್ನು ಸರಿಮಾಡದಿರಲು ಅದು ನೆಪವಾಗಬೇಕಿಲ್ಲ.

ಇಂಥ ನಕ್ಷೆ ಬಂದರೆ ಬಾಡಿಗೆ, ನಿವೇಶನದ ಬೆಲೆ ಬೀಳುತ್ತದೆ ಎಂಬುದು ನಾಲ್ಕನೆಯ ಆಕ್ಷೇಪ. ಈ ಹೆದರಿಕೆಯನ್ನು ಮಾಲೀಕರು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಅಂಕಿ ಪ್ರಕಟಿಸುವ ಮಾತು ಬಂದಾಗಲೆಲ್ಲ ಅದು ಕೋಣೆಯಲ್ಲಿರುತ್ತದೆ. ಇದಕ್ಕೆ ಒಂದೇ ಮಾತು. ಮುಚ್ಚಿಟ್ಟರೆ ಬೆಲೆ ಉಳಿಯುತ್ತದೆ, ಆ ಬೆಲೆಯನ್ನು ಬಾಡಿಗೆದಾರನ ಶ್ವಾಸಕೋಶ ತೆರುತ್ತದೆ. ಲಂಡನ್ನಿನ ದಕ್ಷಿಣ ವರ್ತುಲ ರಸ್ತೆಯಿಂದ ಮೂವತ್ತು ಮೀಟರ್ ಒಳಗೆ ವಾಸವಿದ್ದ ಒಂಬತ್ತು ವರ್ಷದ ಬಾಲಕಿ 2013ರಲ್ಲಿ ಉಬ್ಬಸದಿಂದ ತೀರಿಕೊಂಡಾಗ ಮರಣಪತ್ರದಲ್ಲಿ ಗಾಳಿಯ ಹೆಸರಿರಲಿಲ್ಲ. ತಾಯಿ ಏಳು ವರ್ಷ ಹೋರಾಡಿದ ಮೇಲೆ, 2020ರ ಡಿಸೆಂಬರಿನಲ್ಲಿ ಮರಣ ವಿಚಾರಣಾಧಿಕಾರಿ ವಾಯುಮಾಲಿನ್ಯವನ್ನು ಸಾವಿನ ಕಾರಣಗಳಲ್ಲಿ ಸೇರಿಸಿದರು. ಮನೆಯ ವಿಳಾಸವೇ ಅಲ್ಲಿ ಸಾಕ್ಷ್ಯವಾಯಿತು.

ಕೊನೆಯದು ಅವಸರದವರ ಆಕ್ಷೇಪ: ಮೂಲಗಳು ಗೊತ್ತೇ ಇವೆಯಲ್ಲ, ವಾಹನ, ದೂಳು, ಕಸ, ಇನ್ನು ನಕ್ಷೆ ಬಿಡಿಸುತ್ತ ಕೂರುವುದು ಕೆಲಸ ಮುಂದೂಡುವ ಉಪಾಯ. ಸಮಿತಿ ಮೇಲೆ ಸಮಿತಿ ಕಂಡ ನಾಡಿನಲ್ಲಿ ಈ ಅನುಮಾನ ಸಹಜ. ಆದರೆ ನಕ್ಷೆ ಇರುವುದು ಮೂಲ ಹುಡುಕಲಿಕ್ಕಲ್ಲ, ಎರಡು ದಾರಿಗಳ ನಡುವೆ ಆರಿಸಲಿಕ್ಕೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿಲೋಮೀಟರಿನ ಜೋಡಿ ಸುರಂಗ ರಸ್ತೆಯ ಪ್ರಸ್ತಾವವನ್ನೇ ತೆಗೆದುಕೊಳ್ಳಿ. ಅಂದಾಜು ವೆಚ್ಚ 17,000 ಕೋಟಿ ರೂಪಾಯಿ ಮೀರಿದೆ. ಸುರಂಗ ಹೊಗೆಯನ್ನು ಇಲ್ಲವಾಗಿಸುವುದಿಲ್ಲ, ಕೂಡಿಹಾಕಿ ಬಾಯಿಗಳಲ್ಲೂ ಗಾಳಿಗೊಳವೆಗಳಲ್ಲೂ ಒಟ್ಟಿಗೆ ಬಿಡುತ್ತದೆ. ಮೇಲಿನ ರಸ್ತೆಯುದ್ದಕ್ಕೂ ಹರಡಿದ್ದ ಮಸಿ ಹೆಬ್ಬಾಳ, ಮೇಖ್ರಿ ವೃತ್ತದ ಬಾಯಿಗಳಿಗೆ ಬಂದು ಸೇರುತ್ತದೆ. ನಗರದ ಸರಾಸರಿಯನ್ನು ಹಿಡಿದು ಅಳೆದರೆ ಇದರಲ್ಲಿ ಏನೂ ಕಾಣದು; ಪ್ರಯಾಣದ ಸಮಯ ಉಳಿದ ಲೆಕ್ಕವಷ್ಟೇ ಕಾಣುತ್ತದೆ. ಬಾಯಿಯ ಸುತ್ತ 300 ಮೀಟರಿನಲ್ಲಿ ಯಾರಿದ್ದಾರೆ, ಬೆಳಿಗ್ಗೆ ಎಂಟಕ್ಕೆ ಎಷ್ಟು ಜನ ನಿಂತಿರುತ್ತಾರೆ, ಗಾಳಿಗೊಳವೆಯ ಎತ್ತರ ಪಕ್ಕದ ಆಸ್ಪತ್ರೆಯ ಕಿಟಕಿಗಿಂತ ಮೇಲೋ ಕೆಳಗೋ ಎಂದು ಕೇಳಬೇಕಾದರೆ ನಕ್ಷೆ ಮೇಜಿನ ಮೇಲಿರಬೇಕು. ಅದೇ ಮೇಜಿನ ಮೇಲೆ ಕೆ.ಆರ್. ಪುರದಿಂದ ಹೆಬ್ಬಾಳ, ಯಲಹಂಕದ ಮೂಲಕ ವಿಮಾನ ನಿಲ್ದಾಣಕ್ಕೆ ಕಟ್ಟುತ್ತಿರುವ ಮೆಟ್ರೊ ನೀಲಿ ಮಾರ್ಗವನ್ನೂ ಇಟ್ಟು, ಒಂದು ಕೋಟಿ ರೂಪಾಯಿಗೆ ಯಾವುದು ಎಷ್ಟು ಜನರ ಉಸಿರಿನ ಪಾಲನ್ನು ಇಳಿಸುತ್ತದೆ ಎಂದು ಹೋಲಿಸಬಹುದು. ಆ ಹೋಲಿಕೆಯ ಉತ್ತರ ಏನೇ ಬರಲಿ, ಪ್ರಶ್ನೆಯನ್ನಾದರೂ ಕೇಳಿದಂತಾಗುತ್ತದೆ.

ಚಿಕ್ಕ ತೀರ್ಮಾನಗಳಲ್ಲಿ ನಕ್ಷೆಯ ಉಪಯೋಗ ಇನ್ನೂ ಹೆಚ್ಚು, ಏಕೆಂದರೆ ಅವುಗಳಿಗೆ ಸಾವಿರಾರು ಕೋಟಿ ಬೇಡ. ಬಿಎಂಟಿಸಿಗೆ ಬರುವ ವಿದ್ಯುತ್ ಬಸ್ಸುಗಳು ಮೊದಲು ಯಾವ ಮಾರ್ಗಕ್ಕೆ? ಡಿಪೊದಲ್ಲಿ ಚಾರ್ಜಿಂಗ್ ಸೌಲಭ್ಯ ಇರುವ ಕಡೆಗೆ ಎಂಬುದು ಈಗ ಸಹಜವಾದ ಉತ್ತರ. ಕಿರಿದಾದ, ಜನ ತುಂಬಿದ, ಬಸ್ಸು ಹೆಜ್ಜೆ ಹೆಜ್ಜೆಗೂ ನಿಂತು ಹೊರಡುವ ಮಾರ್ಗಕ್ಕೆ ಎಂದು ನಕ್ಷೆ ಹೇಳುತ್ತದೆ. ಲಾರಿಗಳಿಗೆ ಹಗಲಿನಲ್ಲಿ ಪ್ರವೇಶ ನಿಷೇಧಿಸಿದರೆ ಅವು ಕಾಯ್ದು ನಿಲ್ಲುವ ಊರ ಬಾಯಲ್ಲಿ ಯಾರಿದ್ದಾರೆ? ಒಂದು ಕಡೆಯ ಹೊಗೆಯನ್ನು ಇನ್ನೊಂದು ಕಡೆ ತಳ್ಳಿ ಗೆದ್ದೆವೆಂದುಕೊಳ್ಳುವ ಅಪಾಯ ನಕ್ಷೆಗೂ ಇದೆ. ನಾಲ್ಕು ಊರುಗಳನ್ನು ಒಟ್ಟಿಗೇ ಬಿಡಿಸಬೇಕೆನ್ನುವುದು ಇದೇ ಕಾರಣಕ್ಕೆ. 2025ರ ಸೆಪ್ಟೆಂಬರಿನಿಂದ ಬೆಂಗಳೂರು ಐದು ನಗರಪಾಲಿಕೆಗಳಾಗಿದೆ, ಹೊಗೆಗೆ ಗಡಿಯ ನಿಯಮ ಗೊತ್ತಿಲ್ಲ. ಹೀಗಾಗಿ ನಕ್ಷೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮಟ್ಟದಲ್ಲಿ, ಮಾಲಿನ್ಯ ನಿಯಂತ್ರಣ ಮಂಡಳಿಯ ತಿದ್ದುಪಡಿಯೊಂದಿಗೆ, ಯಾರು ಬೇಕಾದರೂ ನೋಡುವಂತೆ ಇರಬೇಕು. ಹೆದ್ದಾರಿಯಿಂದ 500 ಅಡಿಯೊಳಗೆ ಹೊಸ ಸರ್ಕಾರಿ ಶಾಲೆ ಕಟ್ಟಲು ಕ್ಯಾಲಿಫೋರ್ನಿಯಾ 2003ರಲ್ಲೇ ಕಾನೂನಿನ ಅಡ್ಡಿ ಹಾಕಿತು. ನಮ್ಮಲ್ಲಿ ಶಾಲೆಗೆ ಅನುಮತಿ ಕೊಡುವಾಗ ಆಟದ ಮೈದಾನ, ಶೌಚಾಲಯ, ಅಗ್ನಿಶಾಮಕ ವ್ಯವಸ್ಥೆ ಕೇಳುತ್ತಾರೆ. ರಸ್ತೆಯಿಂದ ಎಷ್ಟು ದೂರ ಎಂಬ ಒಂದು ಕಲಂ ಸೇರಿಸಲು ಯಾರೂ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ಇರುವ ಶಾಲೆಗಳಲ್ಲಿ ಮಕ್ಕಳನ್ನು ಇಳಿಸಿ ಕಾಯುವ ವ್ಯಾನುಗಳು ಎಂಜಿನ್ ಆರಿಸಬೇಕು, ಗೇಟು ಸಾಧ್ಯವಿದ್ದರೆ ಹಿಂಬದಿಯ ಓಣಿಗೆ ತೆರೆಯಬೇಕು ಎನ್ನುವುದಕ್ಕಂತೂ ಒಂದು ಸುತ್ತೋಲೆ ಸಾಕು.

ಹೆಬ್ಬಾಳದ ಆ ಬಸ್ಸು ಕಾಯುವ ಜಾಗಕ್ಕೆ ಒಮ್ಮೆ ಹಿಂದಿರುಗೋಣ. ಮೆಟ್ರೊ ಕಾಮಗಾರಿ ಮುಗಿಯುವ ಹೊತ್ತಿಗೆ ಅಲ್ಲಿನ ತಂಗುದಾಣಗಳನ್ನೆಲ್ಲ ಹೇಗೂ ಹೊಸದಾಗಿ ಗುರುತು ಮಾಡಬೇಕಾಗುತ್ತದೆ. ಸೇತುವೆಯ ಚಾವಣಿಯಡಿ ಹೊಗೆ ಮಡುಗಟ್ಟುವ ಕಂಬಗಳ ನಡುವೆಯೋ, ಗಾಳಿಯಾಡುವ ಕೆರೆಯ ಬದಿಗೋ, ಎಷ್ಟು ಮೀಟರ್ ಸರಿಸಿದರೆ ಕಪ್ಪು ಇಂಗಾಲ ಅರ್ಧಕ್ಕಿಳಿಯುತ್ತದೆ, ಎಷ್ಟಕ್ಕಿಂತ ಹೆಚ್ಚು ಸರಿಸಿದರೆ ಮೂಟೆ ಹಿಡಿದ ಮುದುಕಿಗೆ ನಡೆಯಲಾಗದು, ಆ ಸೀಬೆಹಣ್ಣಿನ ಗಾಡಿ ಜನರನ್ನು ಹಿಂಬಾಲಿಸಿ ಅಲ್ಲಿಗೆ ಬರುತ್ತದೋ ಇಲ್ಲವೋ, ಇವೆಲ್ಲ ಅಳೆದು ಹೇಳಬಹುದಾದ ಸಂಗತಿಗಳು. ಮಾಪಕ ಹೊತ್ತ ಒಂದು ಕಾರು, ಚಳಿಗಾಲದ ಕೆಲವು ವಾರಗಳ ಬೆಳಿಗ್ಗೆ ಏಳರಿಂದ ಹತ್ತು, ನಿಂತವರನ್ನು ಎಣಿಸಲು ಇಬ್ಬರು. ನೆಲಕ್ಕೆ ಬಣ್ಣದ ಗೆರೆ ಎಳೆಯುವ ಮುಂಚೆ ಇಷ್ಟು ಮುಗಿದಿರಬೇಕು.